ಒಂದೂವರೆ ಮಿಲಿಮೀಟರ್ ಸೀಸ

ಜೋಲಿಂಗೆನ್ ಬಿಟ್ಟು ಸ್ವಲ್ಪ ದೂರ ಬಂದದ್ದೇ ತಡ, ರೈಲಿನ ಎರಡೂ ಬದಿಯ ನೆಲ ಮಾಯವಾಯಿತು. ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡಿದರೆ ಮರಗಳ ನೆತ್ತಿ, ಅವುಗಳ ಸಂದಿಯಲ್ಲಿ ವುಪ್ಪರ್ ನದಿಯ ಹೊಳಪು. ಮ್ಯುಂಗ್‌ಸ್ಟನ್ ಸೇತುವೆಯ ಮೇಲೆ ಹೋಗುತ್ತಿದ್ದೆವು. 107 ಮೀಟರ್ ಎತ್ತರ. ಜರ್ಮನಿಯಲ್ಲಿ ಇದಕ್ಕಿಂತ ಎತ್ತರದ ರೈಲು ಸೇತುವೆ ಇಲ್ಲ. ಜೋಗ ನೋಡಿಕೊಂಡು ಬೆಳೆದವನಿಗೆ ಎತ್ತರ ಹೊಸದಲ್ಲ, ಆದರೆ ಅಷ್ಟು ಎತ್ತರದಲ್ಲಿ ಸೀಟಿನ ಮೇಲೆ ಆರಾಮಾಗಿ ಕೂತು ತೇಲಿಕೊಂಡು ಹೋಗುವುದು ಹೊಸದು. ಉಕ್ಕಿನ ಆ ಕಮಾನು ಮುಗಿದದ್ದು 1897ರಲ್ಲಿ. ಅಂದರೆ ಎಕ್ಸ್‌ರೇಗಿಂತ ಎರಡು ವರ್ಷ ಚಿಕ್ಕದು. ಹಾಗಂತ ಲೆಕ್ಕ ಹಾಕಿ ಹೇಳಿದಾಗ ಎದುರು ಕೂತಿದ್ದ ಅಕ್ಕನ ಮಗಳು ನಕ್ಕಳು.

"ಎಲ್ಲರೂ ಇಲ್ಲಿಗೆ ಅರಮನೆ ನೋಡೋಕೆ ಬರ್ತಾರೆ ಮಾವ. ನೀವೊಬ್ಬರು ಎಕ್ಸ್‌ರೇ ನೋಡೋಕೆ ಬಂದ್ರಿ."

ಅವಳು ಈ ದೇಶದ ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿ ತರಬೇತಿಯಲ್ಲಿದ್ದಾಳೆ. ನಾನು ಮಲೆನಾಡಿನ ಸರ್ಕಾರಿ ಆಸ್ಪತ್ರೆಯೊಂದರ ಎಕ್ಸ್‌ರೇ ರೂಮಿನಲ್ಲೇ ಸರ್ವಿಸ್ ಮುಗಿಸಿದ ಟೆಕ್ನಿಷಿಯನ್. ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ ಹ್ಯಾಂಗರಿಗೆ ಸಿಕ್ಕಿಸಿದ ಫಿಲ್ಮನ್ನು ಡೆವಲಪರಿನಲ್ಲಿ ಅದ್ದಿ ಅಲ್ಲಾಡಿಸುತ್ತಿದ್ದರೆ, ಏನೂ ಇಲ್ಲದ ಹಾಳೆಯ ಮೇಲೆ ಪಕ್ಕೆಲುಬುಗಳು ಒಂದೊಂದಾಗಿ ಏಳುತ್ತವೆ. ಅದೆಷ್ಟು ಸಾವಿರ ಸಲ ನೋಡಿದೆನೋ, ಬೇಸರ ಬಂದ ನೆನಪಿಲ್ಲ. ಆ ಬೆರಗಿನ ಮೂಲ ಎಲ್ಲಿದೆ ಎಂದು ಹುಡುಕಿಕೊಂಡು ಬಂದೆ. ಬಂದ ಮೇಲೆ ಸಿಕ್ಕಿದ್ದು ಬೇರೆಯೇ ಒಂದು ಬೆರಗು.

ಲೆನ್ನೆಪ್ ಈಗ ರೆಮ್‌ಶೈಡ್ ನಗರಕ್ಕೆ ಸೇರಿದ ಪುಟ್ಟ ಊರು. ಹಳೇ ಪೇಟೆ ದುಂಡಗೆ ಸುತ್ತಿಕೊಂಡಿದೆ, ಮನೆಗಳ ಗೋಡೆಗೆಲ್ಲ ಕಪ್ಪು ಸ್ಲೇಟ್ ಕಲ್ಲಿನ ಹೊದಿಕೆ, ಕಿಟಕಿಗಳಿಗೆ ಹಸಿರು ಬಾಗಿಲು. ಮಳೆ ಬಿದ್ದರೆ ಇಡೀ ಬೀದಿ ಮಿರಮಿರ ಮಿಂಚುತ್ತದೆ. ನಾವು ಇಳಿದಾಗ ಬೀಳುತ್ತಲೇ ಇತ್ತು. ಅಂಥದ್ದೇ ಒಂದು ಮನೆಯಲ್ಲಿ 1845ರ ಮಾರ್ಚ್ 27ರಂದು ಬಟ್ಟೆ ವ್ಯಾಪಾರಿಯೊಬ್ಬನ ಮಗನಾಗಿ ವಿಲ್ಹೆಲ್ಮ್ ಕೊನ್ರಾಡ್ ರಾಂಟ್ಜೆನ್ ಹುಟ್ಟಿದ. ಮಗುವಿಗೆ ಮೂರು ವರ್ಷವಾದಾಗ ಸಂಸಾರ ಹಾಲೆಂಡಿಗೆ ಹೋಯಿತು. ಅಲ್ಲಿ ಯುಟ್ರೆಕ್ಟಿನ ಶಾಲೆಯಲ್ಲಿ ಯಾವನೋ ಹುಡುಗ ಮೇಷ್ಟ್ರ ವ್ಯಂಗ್ಯಚಿತ್ರ ಬರೆದಿದ್ದಾನೆ, ಬರೆದವನ ಹೆಸರು ಹೇಳು ಅಂದರೆ ರಾಂಟ್ಜೆನ್ ಬಾಯಿ ಬಿಡಲಿಲ್ಲ, ಶಾಲೆಯಿಂದಲೇ ಹೊರಗೆ ಹಾಕಿದರು. ಬಾಯಿ ಬಿಡುವುದು ಯಾವಾಗ, ಬಿಡದಿರುವುದು ಯಾವಾಗ ಎಂಬ ವಿಷಯದಲ್ಲಿ ಈ ಮನುಷ್ಯ ಮೊದಲಿಂದಲೂ ಸ್ವಲ್ಪ ವಿಚಿತ್ರ.

ಊರಿನಲ್ಲಿ ರಾಂಟ್ಜೆನ್ ಹೆಸರಿನ ದೊಡ್ಡ ಮ್ಯೂಸಿಯಂ ಇದೆ. ಹಳೆಯ ಗಾಜಿನ ಕೊಳವೆಗಳ ಮುಂದೆ ನಿಂತು ನಾನು ಎಷ್ಟು ಹೊತ್ತು ಕಳೆದೆನೋ ಗೊತ್ತಿಲ್ಲ. ನಮ್ಮ ಕಾಲದ ಟ್ಯೂಬು ಲೋಹದ ಡಬ್ಬಿಯೊಳಗೆ ಅಡಗಿ ಕೂತಿರುತ್ತಿತ್ತು. ಸೇವೆಯುದ್ದಕ್ಕೂ ಅದರ ಮುಖ ಕಂಡಿರಲಿಲ್ಲ. ಇವು ಬೆತ್ತಲೆ ಗಾಜು. ಒಳಗೆ ಉಳಿದಿರುವ ಗಾಳಿಯ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುತ್ತಿದ್ದುದರಿಂದ ಕಿರಣದ ಬಲವೂ ಬದಲಾಗುತ್ತಿತ್ತು. ಇವತ್ತು ಕೊಳವೆ ಹೇಗಿದೆ ಎಂದು ತಿಳಿಯಲು ಆಗಿನ ವೈದ್ಯರು ಒಂದು ಸುಲಭದ ದಾರಿ ಕಂಡುಕೊಂಡಿದ್ದರು. ಬೆಳಗ್ಗೆ ಯಂತ್ರ ಹಚ್ಚಿ, ಹೊಳೆಯುವ ಪರದೆಯ ಮುಂದೆ ತಮ್ಮದೇ ಕೈ ಹಿಡಿಯುವುದು. ಮೂಳೆ ಸ್ಪಷ್ಟವಾಗಿ ಕಂಡರೆ ಸರಿ, ಮೊದಲ ರೋಗಿಯನ್ನು ಕರೆಯಬಹುದು. ದಿನಾ ಬೆಳಗ್ಗೆ, ಅದೇ ಕೈ.

ನನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡೆ. ಚರ್ಮ ಸುಕ್ಕುಗಟ್ಟಿದೆ, ಅಷ್ಟೇ; ವಯಸ್ಸಿನದು.

ಅಲ್ಲಿಂದ ಕಲೋನಿಗೆ ಬಂದು ರೈನ್ ನದಿಯ ದಂಡೆಯ ಹಳೇ ಮಾರ್ಗ ಹಿಡಿದೆವು. ಬಾನ್ ಸ್ಟೇಷನ್ನಿನಲ್ಲಿ ರೈಲು ನಿಂತದ್ದು ಎರಡೇ ನಿಮಿಷವಿರಬೇಕು. ಅಷ್ಟರಲ್ಲೇ ನನ್ನ ಸೋದರಸೊಸೆ ತನ್ನ ಪಾಠ ಶುರುಮಾಡಿದಳು: 2012ರ ಡಿಸೆಂಬರಿನಲ್ಲಿ ಈ ಊರಿನಲ್ಲೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ವೈದ್ಯಕೀಯ ವಿಕಿರಣದ ಸುರಕ್ಷತೆಗೆ ಹತ್ತು ಕೆಲಸಗಳ ಪಟ್ಟಿ ಮಾಡಿದವು. ಅದರಲ್ಲಿ ಒಂದು, ಲಾಭವೆಷ್ಟು ಅಪಾಯವೆಷ್ಟು ಎಂದು ರೋಗಿಯ ಜೊತೆ ಕೂತು ಮಾತಾಡುವುದನ್ನು ಹೆಚ್ಚಿಸಬೇಕು ಎನ್ನುವುದು. ಮಾತಾಡುವುದಕ್ಕೂ ಒಂದು ಜಾಗತಿಕ ಸಮ್ಮೇಳನ ಬೇಕಾಯಿತೇ ಅಂದೆ. "ಬೇಕಾಯ್ತು ಮಾವ," ಅಂದಳು. ಆಮೇಲೆ ಎರಡೂ ದಡದಲ್ಲಿ ಕೋಟೆಗಳು ಬರತೊಡಗಿದವು, ದ್ರಾಕ್ಷಿ ತೋಟಗಳು ಗುಡ್ಡ ಹತ್ತತೊಡಗಿದವು, ನಾನು ಪಾಠ ಕೇಳುವುದನ್ನು ಬಿಟ್ಟೆ.

ವ್ಯೂರ್ಟ್ಸ್‌ಬುರ್ಗ್ ಊರಿಗೆ ಹೋದವರು ಟಿಯೆಪೊಲೋ ಬಿಡಿಸಿದ ಮಹಾಚಿತ್ರವಿರುವ ಅರಮನೆಗೆ ಮೊದಲು ಹೋಗುತ್ತಾರೆ. ನಾವು ಸ್ಟೇಷನ್ನಿನಿಂದ ನಡೆದೇ ರಾಂಟ್ಜೆನ್ ಹೆಸರಿನ ವರ್ತುಲ ರಸ್ತೆಗೆ ಹೋದೆವು. ಎಂಟನೇ ನಂಬರಿನ ಕಟ್ಟಡ. 1888ರಲ್ಲಿ ಈ ಭೌತಶಾಸ್ತ್ರ ಸಂಸ್ಥೆಗೆ ಪ್ರೊಫೆಸರಾಗಿ ಬಂದ ರಾಂಟ್ಜೆನ್ ಮೇಲಿನ ಮಹಡಿಯಲ್ಲಿ ಸಂಸಾರ, ಕೆಳಗೆ ಪ್ರಯೋಗಶಾಲೆ ಇಟ್ಟುಕೊಂಡಿದ್ದ. ಒಳಗೆ ಹೋಗಲು ಟಿಕೆಟ್ ಇಲ್ಲ. ನನ್ನ ಮನಸ್ಸಿನಲ್ಲಿ ಏನೋ ದೊಡ್ಡ ಸಭಾಂಗಣದಂಥ ಜಾಗವಿತ್ತು. ಕಂಡದ್ದು ಸಾಧಾರಣ ಕೋಣೆ, ಮೇಜು, ತಾಮ್ರದ ತಂತಿ ಸುತ್ತಿದ ಸುರುಳಿ, ಗಾಜಿನ ಕೊಳವೆ. 1895ರ ನವೆಂಬರ್ 8ರ ಸಂಜೆ ಇಲ್ಲಿ ಕೊಳವೆಗೆ ಕಪ್ಪು ರಟ್ಟು ಮುಚ್ಚಿ ಕತ್ತಲೆ ಮಾಡಿದ್ದ. ದೂರದಲ್ಲಿದ್ದ, ಬೇರಿಯಂ ಲವಣ ಬಳಿದ ಪರದೆ ತಾನಾಗಿ ಹೊಳೆಯಿತು. ರಟ್ಟು ದಾಟಿ ಏನೋ ಬರುತ್ತಿದೆ.

ನಿಂತಲ್ಲೇ ಮೈ ಜುಮ್ಮೆಂದಿತು. ನಮ್ಮೂರ ಆಸ್ಪತ್ರೆಯ ಮುಂದೆ ಮುರಿದ ಕೈಗೆ ಟವೆಲು ಕಟ್ಟಿಕೊಂಡು ಕಾಯುವ ಕೂಲಿಯವರು, ಕೆಮ್ಮುತ್ತ ಚೆಸ್ಟ್ ಸ್ಟ್ಯಾಂಡಿಗೆ ಎದೆ ಒತ್ತಿ ನಿಲ್ಲುವ ಅಜ್ಜಿಯರು, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ನಾನು ಸವೆಸಿದ ಗಂಟಲು, ಇದೆಲ್ಲದರ ದಾರಿ ಈ ಕೋಣೆಯ ಆ ಮಂಕು ಬೆಳಕಿಗೆ ಬಂದು ನಿಲ್ಲುತ್ತದೆ.

ಕಂಡದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಏಳು ವಾರ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದ. ಡಿಸೆಂಬರ್ 22ರಂದು ಹೆಂಡತಿ ಬೆರ್ಥಾಳ ಕೈಯನ್ನು ಫಲಕದ ಮೇಲಿಡಿಸಿ ಚಿತ್ರ ತೆಗೆದ. ಉಂಗುರ ತೊಟ್ಟ ಆ ಮೂಳೆಯ ಬೆರಳುಗಳನ್ನು ನಾನು ಓದಿದ ಪುಸ್ತಕಗಳಲ್ಲೆಲ್ಲ ಕಂಡಿದ್ದೆ. 28ರಂದು ಊರಿನ ವಿಜ್ಞಾನ ಸಂಘದ ಕಾರ್ಯದರ್ಶಿಗೆ ಲೇಖನ ಕೊಟ್ಟ. ಹೊಸವರ್ಷದ ದಿನ ಅಚ್ಚಾದ ಪ್ರತಿಗಳನ್ನು, ಚಿತ್ರಗಳನ್ನು ಲಕೋಟೆಗೆ ಹಾಕಿ ಪರಿಚಯದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದ. ಜನವರಿ 5ಕ್ಕೆ ವಿಯೆನ್ನಾದ ಪತ್ರಿಕೆಯಲ್ಲಿ ಸುದ್ದಿ, ಇನ್ನೊಂದು ವಾರದಲ್ಲಿ ಬರ್ಲಿನ್ನಿನಲ್ಲಿ ಕೈಸರನ ಮುಂದೆ ಪ್ರದರ್ಶನ. ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದಾಗ ಹಣವನ್ನು ಇದೇ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟ. ಖಾತ್ರಿಯಾಗುವ ತನಕ ಮೌನ, ಆದ ಮೇಲೆ ಎಲ್ಲರಿಗೂ ಒಟ್ಟಿಗೆ. ಇಷ್ಟು ಚೆನ್ನಾಗಿ ವರದಿ ಕೊಟ್ಟ ರೇಡಿಯಾಲಜಿಸ್ಟನನ್ನು ನಾನಂತೂ ಕಂಡಿಲ್ಲ.

ಪಕ್ಕದ ಉಪನ್ಯಾಸದ ಕೋಣೆಯ ಬೆಂಚಿನ ಮೇಲೆ ಕೂತೆವು. 1896ರ ಜನವರಿ 23ರಂದು ಅವನು ಈ ವಿಷಯದ ಮೇಲೆ ಊರವರಿಗೆ ಕೊಟ್ಟ ಉಪನ್ಯಾಸದಲ್ಲಿ 78 ವರ್ಷದ ಅಂಗರಚನಾ ಪಂಡಿತ ಕ್ಯೋಲಿಕರ್ ಎದ್ದು ಬಂದು ಕೈ ಚಾಚಿದ. ಎಲ್ಲರ ಎದುರು ಆ ಕೈಯ ಚಿತ್ರ ತೆಗೆದರು. ಜೀವಮಾನವೆಲ್ಲ ಹೆಣಗಳನ್ನು ಕೊಯ್ದು ಮೂಳೆ ನೋಡಿದವನು ತನ್ನ ಮೂಳೆಯನ್ನೇ ನೋಡಿದ. ಈ ಕಿರಣಗಳಿಗೆ ರಾಂಟ್ಜೆನ್ನನ ಹೆಸರಿಡೋಣ ಎಂದು ಅಲ್ಲೇ ಸೂಚಿಸಿದವನೂ ಅವನೇ.

ನಾನು ಆ ಗುಂಗಿನಲ್ಲಿರುವಾಗ ನನ್ನ ಸೊಸೆ ಮೊಬೈಲಿನಲ್ಲಿ ಆ ಮೊದಲ ಲೇಖನವನ್ನು ತೆರೆದು ಓದುತ್ತಾ ಕನ್ನಡದಲ್ಲಿ ಹೇಳತೊಡಗಿದಳು. ಚಿಕ್ಕ ಲೇಖನ, ಹದಿನೇಳು ತುಣುಕು. ಯಾವುದರ ಮೂಲಕ ಕಿರಣ ಹೋಗುತ್ತದೆ ಎಂದು ಒಂದೊಂದೇ ವಸ್ತು ಅಡ್ಡ ಹಿಡಿದು ನೋಡಿದ್ದಾನೆ. ಸಾವಿರ ಪುಟದ ಪುಸ್ತಕ: ಹೋಗುತ್ತದೆ. ಇಸ್ಪೀಟಿನ ಎರಡು ಕಟ್ಟು: ಹೋಗುತ್ತದೆ. ಮರದ ಹಲಗೆ: ಹೋಗುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ಸೀಸ: ಹೆಚ್ಚುಕಡಿಮೆ ಹೋಗುವುದೇ ಇಲ್ಲ.

"ಇನ್ನೊಂದ್ಸಲ ಓದು," ಅಂದೆ. ಓದಿದಳು.

ಎದ್ದು ಓಡಾಡಬೇಕೆನಿಸಿತು. ನಾವು ಕುತ್ತಿಗೆ ನೋವು ಬರುವವರೆಗೆ ಹೊತ್ತ ಲೆಡ್ ಏಪ್ರನ್, ಎಕ್ಸ್‌ರೇ ರೂಮಿನ ಸೀಸ ಹೊದ್ದ ಬಾಗಿಲು, ಎಡವೋ ಬಲವೋ ಎಂದು ತಪ್ಪದಿರಲು ಕ್ಯಾಸೆಟ್ಟಿನ ಮೂಲೆಗೆ ಅಂಟಿಸುತ್ತಿದ್ದ ‘ಎಲ್’ ಮತ್ತು ‘ಆರ್’ ಎಂಬ ಪುಟ್ಟ ಸೀಸದ ಅಕ್ಷರಗಳು, ಎಲ್ಲಕ್ಕೂ ಬೇಕಾದ ವಾಕ್ಯ ಮೊದಲ ದಿನವೇ ಅಚ್ಚಾಗಿತ್ತು. ಲೋಕವೆಲ್ಲ ಆ ಲೇಖನ ಓದಿತು. ಓದಿದವರಿಗೆ ಬೆರ್ಥಾಳ ಉಂಗುರ ಕಂಡಿತು, ಸೀಸ ಕಾಣಲಿಲ್ಲ. ಸೀಸವನ್ನು ತಮಗೂ ರೋಗಿಗೂ ಅಡ್ಡ ಇಟ್ಟುಕೊಳ್ಳಬೇಕು ಎನ್ನುವುದು ಅಲ್ಲಿ ಬರೆದಿರಲಿಲ್ಲ ನಿಜ, ಬರೆದವನಿಗೂ ಹೊಳೆದಿರಲಿಲ್ಲ. ಅವನು ತನ್ನ ಫಲಕಗಳು ಹಾಳಾಗದಿರಲೆಂದು ಸತುವಿನ ತಗಡಿನ ದೊಡ್ಡ ಪೆಟ್ಟಿಗೆ ಮಾಡಿಸಿ ಅದರೊಳಗೆ ಕೂತು ಕೆಲಸ ಮಾಡುತ್ತಿದ್ದ, ಕೊಳವೆಯ ಕಡೆಗೆ ಸೀಸದ ಹಲಗೆ ಹೊಡೆಸಿದ್ದ. ಫಲಕ ಉಳಿಸಲು ಹೋಗಿ ಅವನೂ ಉಳಿದ.

ಆ ಸಂಜೆ ಮೈನ್ ನದಿಯ ಹಳೇ ಕಲ್ಲುಸೇತುವೆಯ ಮೇಲೆ, ಸಾಲು ಸಂತರ ಮೂರ್ತಿಗಳ ಕೆಳಗೆ, ಊರಿನ ಜನ ವೈನ್ ಲೋಟ ಹಿಡಿದು ನಿಂತಿದ್ದರು. ನಮ್ಮ ಕೈಯಲ್ಲೂ ಒಂದೊಂದು ಲೋಟ. ನನ್ನದರಲ್ಲಿ ದ್ರಾಕ್ಷಿ ರಸ. ಎದುರು ಗುಡ್ಡದ ಮೇಲೆ ಮರೀನ್‌ಬೆರ್ಗ್ ಕೋಟೆ. ಸೀಸದ ವಾಕ್ಯ ನನ್ನನ್ನು ಬಿಟ್ಟಿರಲಿಲ್ಲ.

"ಬರೆದದ್ದು ಕಾಣದೆ ಹೋಗೋದು ನಮ್ಮಲ್ಲಿ ದಿನಾ ಇದ್ದದ್ದೇ ಮಾವ," ಅಂದಳು ಸೊಸೆ. "ಬೈಕಿಂದ ಬಿದ್ದವನಿಗೆ ಸಿ.ಟಿ. ಮಾಡ್ತೀವಿ. ಪಕ್ಕೆಲುಬು ಮುರಿದಿಲ್ಲ ಅಂತ ಬರೀತೀವಿ. ಆರನೇ ಸಾಲಲ್ಲಿ, ಶ್ವಾಸಕೋಶದಲ್ಲಿ ಸಣ್ಣ ಗಂಟು ಇದೆ, ಮೂರು ತಿಂಗಳು ಬಿಟ್ಟು ನೋಡಿ ಅಂತಾನೂ ಬರೀತೀವಿ. ತುರ್ತು ವಿಭಾಗದವರು ಮೊದಲ ಸಾಲು ಓದಿ ಮನೆಗೆ ಕಳಿಸ್ತಾರೆ. ನಾನು ನೋಡಿದೀನಿ, ಬರೆದೂ ಇದೀನಿ. ಆದ್ರೆ ಯಾರಿಗೆ ಗೊತ್ತಾಯ್ತು?"

ಬ್ರಿಟನ್ನಿನ ರೋಗಿಸುರಕ್ಷತಾ ಸಂಸ್ಥೆ 2007ರಲ್ಲೇ ದೇಶದ ಆಸ್ಪತ್ರೆಗಳಿಗೆಲ್ಲ ಇದೇ ವಿಷಯದ ಮೇಲೆ ಎಚ್ಚರಿಕೆ ಕಳಿಸಿತ್ತು: ಎಕ್ಸ್‌ರೇ, ಸ್ಕ್ಯಾನಿಂಗ್ ವರದಿಗಳ ಮೇಲೆ ಕ್ರಮವಾಗದೆ ಉಳಿಯುತ್ತಿದೆ, ನೋಡಿಕೊಳ್ಳಿ ಎಂದು. 2019ರಲ್ಲಿ ಅಲ್ಲಿನ ಇನ್ನೊಂದು ತನಿಖಾ ಸಂಸ್ಥೆ ಅದನ್ನೇ ಮತ್ತೆ ಬರೆಯಬೇಕಾಯಿತು. ಎಚ್ಚರಿಕೆಯ ಪತ್ರಕ್ಕೂ ವರದಿಯ ಗತಿಯೇ ಆಯಿತೇನೋ.

ಅವಳ ಆಸ್ಪತ್ರೆಯಲ್ಲಿ ದಿನಕ್ಕೊಮ್ಮೆ ರೇಡಿಯಾಲಜಿಯವರು, ವಾರ್ಡಿನ ವೈದ್ಯರು ಒಂದೇ ಕೋಣೆಯಲ್ಲಿ ಸೇರುತ್ತಾರಂತೆ. ಪರದೆಯ ಮೇಲೆ ಒಂದೊಂದೇ ರೋಗಿಯ ಚಿತ್ರ. ಇವರು ಕಂಡದ್ದು ಹೇಳುತ್ತಾರೆ, ಅವರು ರೋಗಿಯ ಕಥೆ ಹೇಳುತ್ತಾರೆ. ಹೊಟ್ಟೆ ನೋವು ಎಂದಷ್ಟೇ ಬರೆದು ಬಂದ ಚೀಟಿಗೆ ಆ ಕೋಣೆಯಲ್ಲಿ ಅರ್ಥ ಹುಟ್ಟುತ್ತದೆ. ಇದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಕಾಲದಲ್ಲಿ ಚೀಟಿಯ ಮೇಲಿನ ಅಕ್ಷರ ಓದುವುದೇ ಒಂದು ವಿದ್ಯೆ. ಬರೆದ ವೈದ್ಯರು ಮಧ್ಯಾಹ್ನದ ಮೇಲೆ ಸಿಗುತ್ತಿರಲಿಲ್ಲ. ಜೀವಕ್ಕೆ ತೊಂದರೆ ಎನ್ನಿಸುವ ಏನಾದರೂ ಕಂಡರೆ ಅವಳ ಆಸ್ಪತ್ರೆಯಲ್ಲಿ ವರದಿ ಬರೆಯುವ ಮುಂಚೆ ಫೋನು. ಕೇಳಿದವರು ಅದನ್ನು ತಿರುಗಿ ಹೇಳಬೇಕು, ಯಾರಿಗೆ ಎಷ್ಟು ಗಂಟೆಗೆ ಹೇಳಿದೆ ಎಂಬುದು ವರದಿಯಲ್ಲಿ ದಾಖಲಾಗಬೇಕು. ತಿರುಗಿ ಹೇಳಿಸುವುದು ಯಾಕೆ ಎಂದರೆ, ಫೋನಿನಲ್ಲಿ ‘ಎಡ’ ಅಂದದ್ದು ಆ ಕಡೆ ‘ಬಲ’ ಎಂದು ಕೇಳಿಸಲು ಅರ್ಧ ಕ್ಷಣ ಸಾಕು.

ನಮ್ಮ ಬೆಂಗಳೂರಿನಲ್ಲಿ 2002ರಲ್ಲಿ ಶುರುವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಎಂಬ ಸಂಸ್ಥೆಯ ನೆನಪಾಯಿತು. ಅಮೆರಿಕದ ತುರ್ತು ವಿಭಾಗಗಳಲ್ಲಿ ನಡುರಾತ್ರಿ ತೆಗೆದ ಸ್ಕ್ಯಾನ್‌ಗಳನ್ನು ನಮ್ಮ ಹಗಲಿನಲ್ಲಿ ಕೂತು ಓದುವ ಏರ್ಪಾಡು. ಅಲ್ಲಿನವರು ನಿದ್ದೆಗಣ್ಣಿನಲ್ಲಿ ನೋಡುವುದಕ್ಕಿಂತ ಇಲ್ಲಿ ಕಾಫಿ ಕುಡಿದವರು ನೋಡುವುದು ಮೇಲಲ್ಲವೇ! ಆದರೆ ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರದ ರೋಗಿಯ ಮೆದುಳಿನಲ್ಲಿ ರಕ್ತ ಕಂಡರೆ ಮಾಡಬೇಕಾದದ್ದು ಅದೇ: ಫೋನು ಎತ್ತುವುದು.

ಕಣ್ಣೆದುರಿಗಿದ್ದದ್ದು ಕಾಣದಿರುವುದೂ ಉಂಟು. ಅಮೆರಿಕದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಶ್ವಾಸಕೋಶದ ಸಿ.ಟಿ. ಚಿತ್ರದೊಳಗೆ ಗೊರಿಲ್ಲಾದ ಚಿತ್ರವೊಂದನ್ನು ಸೇರಿಸಿ 24 ರೇಡಿಯಾಲಜಿಸ್ಟರಿಗೆ ಗಂಟು ಹುಡುಕಲು ಕೊಟ್ಟರು. ಗೊರಿಲ್ಲಾ ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದು. 20 ಜನರಿಗೆ ಕಾಣಲೇ ಇಲ್ಲ. ಅವರ ಕಣ್ಣಿನ ಚಲನೆ ಅಳೆದು ನೋಡಿದರೆ ಹೆಚ್ಚಿನವರು ನೇರ ಗೊರಿಲ್ಲಾದ ಮೇಲೇ ದೃಷ್ಟಿ ಇಟ್ಟಿದ್ದರು! ನಾನು ಬಿದ್ದುಬಿದ್ದು ನಕ್ಕೆ. ಸೊಸೆ ನಗಲಿಲ್ಲ. 2009ರಲ್ಲಿ ಲಾಸ್ ಏಂಜಲೀಸಿನ ಒಂದು ಆಸ್ಪತ್ರೆಯ ಸಂಗತಿ ಹೇಳಿದಳು. ಪಾರ್ಶ್ವವಾಯುವಿಗೆಂದು ಮೆದುಳಿನ ಸಿ.ಟಿ. ಮಾಡಿಸಿಕೊಂಡ ಇನ್ನೂರಕ್ಕೂ ಹೆಚ್ಚು ಜನರಿಗೆ ಬೇಕಾದದ್ದಕ್ಕಿಂತ ಎಂಟು ಪಟ್ಟು ವಿಕಿರಣ ಬಿದ್ದಿತ್ತು. ಯಂತ್ರದ ಸೆಟ್ಟಿಂಗು ಬದಲಾಗಿತ್ತು. ಹದಿನೆಂಟು ತಿಂಗಳು ಹಾಗೇ ನಡೆಯಿತು. ಡೋಸ್ ಎಷ್ಟೆಂದು ಯಂತ್ರದ ಪರದೆ ತೋರಿಸುತ್ತಲೇ ಇತ್ತು. ಕೊನೆಗೆ ಗೊತ್ತಾದದ್ದು ರೋಗಿಯೊಬ್ಬರ ಕೂದಲು ಉದುರಿದ ಮೇಲೆ.

ಲೋಟ ವಾಪಸು ಕೊಟ್ಟು ಠೇವಣಿ ದುಡ್ಡು ಇಸಿದುಕೊಂಡು ಹೊರಟೆವು.

ಹ್ಯಾಂಬರ್ಗಿನಲ್ಲಿ ಬಂದರು ನೋಡಿ, ಇಡೀ ಮಾಡೆಲ್ ರೈಲುಗಳ ಲೋಕ ನೋಡಿ ಎಂದು ಅವಳ ಗೆಳತಿಯರೆಲ್ಲ ಹೇಳಿದ್ದರಂತೆ. ಅವನ್ನೆಲ್ಲ ಆಮೇಲೆ ನೋಡಿದೆವು. ಮೊದಲು ಮೆಟ್ರೊ ಹಿಡಿದು ಲೋಮ್ಯೂಲನ್ ಬೀದಿಯಲ್ಲಿ ಇಳಿದು ಸಾಂಕ್ಟ್ ಗೇಯೋರ್ಗ್ ಆಸ್ಪತ್ರೆಯ ಆವರಣಕ್ಕೆ ಹೋದೆವು. ಆಲ್ಸ್ಟರ್ ಸರೋವರದಿಂದ ಕೂಗಳತೆ. ಆಂಬ್ಯುಲೆನ್ಸ್ ಬರುತ್ತಿವೆ, ಡ್ರಿಪ್ ಸ್ಟ್ಯಾಂಡ್ ಎಳೆದುಕೊಂಡು ರೋಗಿಗಳು ಸಿಗರೇಟು ಸೇದುತ್ತಿದ್ದಾರೆ. ಆ ಗದ್ದಲದ ನಡುವಿನ ತೋಟದಲ್ಲಿ ಕಲ್ಲಿನ ಸ್ಮಾರಕ, ಮೈತುಂಬ ಹೆಸರುಗಳು.

ಎಕ್ಸ್‌ರೇ ಮತ್ತು ರೇಡಿಯಂ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರ ಹೆಸರುಗಳವು. ವೈದ್ಯರು, ಭೌತವಿಜ್ಞಾನಿಗಳು, ರಸಾಯನಶಾಸ್ತ್ರಜ್ಞರು, ಟೆಕ್ನಿಷಿಯನ್‌ಗಳು, ನರ್ಸುಗಳು. 1936ರ ಏಪ್ರಿಲ್‌ನಲ್ಲಿ ಜರ್ಮನಿಯ ರಾಂಟ್ಜೆನ್ ಸಂಘ ಇದನ್ನು ನಿಲ್ಲಿಸಿತು. ಆಗ ಈ ದೇಶವನ್ನು ಆಳುತ್ತಿದ್ದವನು ಯಾರು ಎಂದು ನೆನೆದರೆ, ಸ್ಮಾರಕವನ್ನು ‘ಎಲ್ಲ ದೇಶಗಳ’ ಜನರಿಗೆ ಅರ್ಪಿಸಿದ್ದಾರೆ ಎನ್ನುವುದೇ ನನಗೆ ನಂಬಲಾಗದ ಸಂಗತಿಯಾಗಿ ಕಂಡಿತು. ಮೊದಲು ನೂರೈವತ್ತು ಚಿಲ್ಲರೆ ಹೆಸರುಗಳಿದ್ದವು, 1959ರ ಹೊತ್ತಿಗೆ ಮುನ್ನೂರೈವತ್ತು ದಾಟಿದವು. ಮೇರಿ ಕ್ಯೂರಿ ಇದ್ದಾರೆ. ಉಳಿದ ಹೆಚ್ಚಿನ ಹೆಸರು ನಾನು ಎಂದೂ ಕೇಳದವು. ಒಂದೊಂದರ ಹಿಂದೆಯೂ ಬೆಳಗ್ಗೆ ಬೆಳಗ್ಗೆ ಪರದೆಯ ಮುಂದೆ ಹಿಡಿದ ಒಂದು ಕೈ ಇದ್ದಿರಬಹುದು.

ಹೈನ್ರಿಷ್ ಆಲ್ಬರ್ಸ್-ಷೋನ್‌ಬರ್ಗ್ ಇದೇ ಆಸ್ಪತ್ರೆಯವನು. 1897ರಲ್ಲಿ, ಕಿರಣಕ್ಕೆ ಎರಡು ವರ್ಷವೂ ತುಂಬುವ ಮೊದಲು, ಅದಕ್ಕೆಂದೇ ವೈದ್ಯಕೀಯ ಪತ್ರಿಕೆ ಹುಟ್ಟುಹಾಕಿದವನು. ಎಕ್ಸ್‌ರೇ ಬಿದ್ದ ಗಂಡು ಮೊಲ, ಗಿನಿಪಿಗ್‌ಗಳು ಬಂಜೆಯಾಗುತ್ತವೆ ಎಂದು 1903ರಲ್ಲಿ ತೋರಿಸಿದವನೂ ಅವನೇ. ಮೇಲೆ ಏನೂ ಗಾಯವಿಲ್ಲದೆ ಒಳಗೆ ಹಾನಿಯಾಗುತ್ತದೆ ಎಂಬ ವರದಿ ಅದು. ಆದರೆ ಅಷ್ಟರಲ್ಲಿ ಅವನ ಸ್ವಂತ ಕೈಗಳು ವರ್ಷಗಟ್ಟಲೆ ಕಿರಣ ಕುಡಿದಾಗಿತ್ತು. ಎಡಗೈ ಹೋಯಿತು, ಬಲಗೈಯ ಬೆರಳೂ ಹೋಯಿತು. 1921ರಲ್ಲಿ ತೀರಿಕೊಂಡ. ಅಟ್ಲಾಂಟಿಕ್ಕಿನ ಆಚೆ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲೇ ಹೀಗೆ ಸತ್ತಿದ್ದ. ಎಡಿಸನ್ ಎಕ್ಸ್‌ರೇ ಸಹವಾಸ ಬಿಟ್ಟುಬಿಟ್ಟ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸ್ ಗಿನಿಪಿಗ್ ಸಾಯುವುದನ್ನು 1901ರಲ್ಲಿ ತೋರಿಸಿ, ಕೊಳವೆಗೆ ಕವಚ ಹಾಕಿ, ಸೀಸದ ಗಾಜಿನ ಕನ್ನಡಕ ಹಾಕಿಕೊಳ್ಳಿ ಎಂದು ಬರೆದ. ಕೇಳಿದವರು ಕಡಿಮೆ.

ಸೊಸೆ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಓದುತ್ತಿದ್ದಳು. ನನಗೆ ನಮ್ಮ ಟಿ.ಎಲ್.ಡಿ. ಬ್ಯಾಡ್ಜ್ ನೆನಪಾಯಿತು. ಏಪ್ರನ್ ಒಳಗೆ ಎದೆಗೆ ಸಿಕ್ಕಿಸಿಕೊಳ್ಳುವ ಆ ಪ್ಲಾಸ್ಟಿಕ್ ಬಿಲ್ಲೆಯನ್ನು ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸುತ್ತಿದ್ದೆವು. ಎಷ್ಟು ವಿಕಿರಣ ಬಿದ್ದಿದೆ ಎಂಬ ಲೆಕ್ಕ ತಿರುಗಿ ಬರುತ್ತಿತ್ತು. ಅದನ್ನು ಮನೆಗೆ ಹೊರಡುವಾಗ ಗೂಟಕ್ಕೆ ನೇತುಹಾಕುವುದು ಕೂಡ ಒಂದು ರಗಳೆ ಎನ್ನುತ್ತಿದ್ದವರು ಇದ್ದರು. ಇಲ್ಲಿ ನಿಂತರೆ ಆ ಬಿಲ್ಲೆ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಈ ಕಲ್ಲಿನ ಮೇಲಿನವರಿಗೆ ಇಂಥ ಲೆಕ್ಕ ಕೊಡುವವರು ಯಾರೂ ಇರಲಿಲ್ಲ. ಅವರ ಚರ್ಮವೇ ಲೆಕ್ಕ ಇಟ್ಟಿತು.

1921ರಲ್ಲೇ, ತಮ್ಮ ರೇಡಿಯಾಲಜಿಸ್ಟರು ಸಾಯುವುದನ್ನು ಕಂಡ ಬ್ರಿಟನ್ನಿನಲ್ಲಿ ಎಕ್ಸ್‌ರೇ, ರೇಡಿಯಂ ರಕ್ಷಣಾ ಸಮಿತಿಯೊಂದು ಹುಟ್ಟಿತು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂತರರಾಷ್ಟ್ರೀಯ ಸಮಿತಿ. ಸೀಸ ಎಷ್ಟು ದಪ್ಪವಿರಬೇಕು ಎಂಬ ಅಳತೆ ಅಂತೂ ಕೆಲಸದ ನಿಯಮವಾಯಿತು. ಬ್ರಿಟಿಷ್ ಸಮಿತಿಯ ಮೊದಲ ನಿಯಮಗಳು ನನಗೆ ತುಂಬ ಇಷ್ಟ, ಬಾಯಿಪಾಠ ಬರುತ್ತದೆ. ಎಕ್ಸ್‌ರೇ ಕೆಲಸದವರು ದಿನಕ್ಕೆ ಏಳು ಗಂಟೆಗಿಂತ ಹೆಚ್ಚು ದುಡಿಯಕೂಡದು. ಭಾನುವಾರ ರಜೆ, ಅದಲ್ಲದೆ ವಾರಕ್ಕೆ ಎರಡು ಅರ್ಧ ದಿನ ರಜೆ. ಅದನ್ನು ಆದಷ್ಟೂ ಬಯಲಿನಲ್ಲೇ ಕಳೆಯಬೇಕು. ವರ್ಷಕ್ಕೊಂದು ತಿಂಗಳು ಪೂರಾ ಬಿಡುವು.

ಆಸ್ಪತ್ರೆಯ ಗೇಟಿನಿಂದ ಸರೋವರದ ಕಡೆ ನಡೆಯುತ್ತಾ ಇದನ್ನೆಲ್ಲ ಸೊಸೆಗೆ ಹೇಳಿದೆ. ಅವಳು ಗಕ್ಕನೆ ನಿಂತಳು.

"ಏಳೇ ಗಂಟೆನಾ?"

"ಏಳೇ."

"ಎರಡು ಅರ್ಧ ದಿನ ಬೇರೆ?"

"ಬಯಲಲ್ಲಿ."

"ಮಾವ, ಹೋದ ವಾರ ನೈಟ್ ಡ್ಯೂಟೀಲಿ ಕೊನೇ ಸ್ಕ್ಯಾನ್ ನೋಡೋ ಹೊತ್ತಿಗೆ ಗೊರಿಲ್ಲಾ ಅಲ್ಲ, ಆನೆ ಹೋದ್ರೂ ನಂಗೆ ಕಾಣ್ತಿರ್ಲಿಲ್ಲ. ಆ ನಿಯಮ ಎಲ್ಲಿ ಸಿಗುತ್ತೆ ಹೇಳಿ, ಪ್ರಿಂಟ್ ತೆಗೆದು ನಮ್ಮ ಚೀಫ್ ಟೇಬಲ್ ಮೇಲೆ ಇಡ್ತೀನಿ."

"ಟೇಬಲ್ ಮೇಲೆ ಇಟ್ಟರೆ ಸಾಲದು ಕಣೇ," ಅಂದೆ. "ಫೋನ್ ಮಾಡಿ ಹೇಳು. ತಿರುಗಿ ಹೇಳಿಸಿಕೋ."